ಗಣಿತಲೋಕದ ಒಳಗಣ್ಣು: ಲಿಯೊನ್ಹಾರ್ಡ್ ಆಯ್ಲರ್

2,14,74,83,647. ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಮೇಲ್ನೋಟಕ್ಕೆ ಯಾವುದೋ ದೊಡ್ಡ ಕಂಪೆನಿಯ ಜಮಾ-ಖರ್ಚಿನ ಕೊನೆಯ ಸಾಲಿನಂತೆ ತೋರುವ ಈ ಹತ್ತು ಅಂಕಿಗಳ ಸಂಖ್ಯೆಗೆ ಗಣಿತದ ಇತಿಹಾಸದಲ್ಲಿ ವಿಶಿಷ್ಟವಾದ ಸ್ಥಾನವಿದೆ. ಒಂದರಿಂದ ಮತ್ತು ತನ್ನಿಂದಲೇ ಹೊರತು ಬೇರಾವ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಗಳನ್ನು ಅವಿಭಾಜ್ಯ ಸಂಖ್ಯೆಗಳೆಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಮೇಲಿನ ಸಂಖ್ಯೆ ಅಂತಹ ಒಂದು ಅವಿಭಾಜ್ಯ. ಅದನ್ನು 1772ರಲ್ಲಿ ಖಚಿತಪಡಿಸಿದ ಮಹನೀಯರಿಗೆ ಆಗ ಅರವತ್ತೈದರ ವಯಸ್ಸು. ಅವರ ಒಂದು ಕಣ್ಣಿನ ಬೆಳಕು ಯೌವನದಲ್ಲಿಯೇ ಆರಿತ್ತು, ಇನ್ನೊಂದು ಮುಪ್ಪಿನ ಹೊಸ್ತಿಲಲ್ಲಿ ಮುಚ್ಚಿಹೋಗಿತ್ತು. ಅವರೇ ಲಿಯೊನ್ಹಾರ್ಡ್ ಆಯ್ಲರ್. ಹದಿನೆಂಟನೆಯ ಶತಮಾನದ ಗಣಿತವೆಂದರೆ ಬಹುಪಾಲು ಅವರದೇ ಎನ್ನುವಷ್ಟು ಬರೆದಿಟ್ಟು ಹೋದ ಈ ಮೇಧಾವಿಯ ಬದುಕು, ಗಣಿತವೆಂದರೆ ದೂರ ಸರಿಯುವ ನಮ್ಮಂತಹ ಕಲಾವಿಭಾಗದ ಪದವೀಧರರಿಗೂ ಅರಿತುಕೊಳ್ಳಬೇಕಾದ ಬದುಕು.

ಆಯ್ಲರ್ ಜನಿಸಿದ್ದು 1707ರ ಏಪ್ರಿಲ್ 15ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ತಂದೆ ಪೌಲ್ ಆಯ್ಲರ್ ಚರ್ಚಿನ ಪಾದ್ರಿಗಳು. ತಾಯಿ ಮಾರ್ಗರೆಟ್ ಬ್ರುಕರ್ ಕೂಡ ಪಾದ್ರಿಗಳ ಮನೆತನದಿಂದ ಬಂದವರು. ಮಗ ಹುಟ್ಟಿದ ಸ್ವಲ್ಪ ಕಾಲಕ್ಕೆ ಕುಟುಂಬವು ಸಮೀಪದ ರೀಹೆನ್ ಎಂಬ ಊರಿಗೆ ಬಂದು ನೆಲೆಸಿತು. ತಂದೆಯವರು ತಮ್ಮ ವಿದ್ಯಾರ್ಥಿ ದೆಸೆಯಲ್ಲಿ ಯಾಕೋಬ್ ಬರ್ನೂಲಿಯೆಂಬ ಹೆಸರಾಂತ ಗಣಿತಜ್ಞರ ಉಪನ್ಯಾಸಗಳನ್ನು ಕೇಳಿದ್ದವರು. ಹೀಗಾಗಿ ಮಗನಿಗೆ ಗಣಿತದ ಮೊದಲ ಪಾಠ ಮನೆಯಲ್ಲಿಯೇ ಆಯಿತು. ಆದರೆ ಮಗನೂ ತನ್ನಂತೆಯೇ ಪಾದ್ರಿಯಾಗಬೇಕೆಂಬುದು ತಂದೆಯ ಆಸೆ. ಆ ಕಾಲದ ರೂಢಿಯಂತೆ ಹದಿಮೂರನೆಯ ವಯಸ್ಸಿನಲ್ಲಿಯೇ, 1720ರಲ್ಲಿ, ಬಾಲಕನು ಬಾಸೆಲ್ ವಿಶ್ವವಿದ್ಯಾಲಯಕ್ಕೆ ಸೇರಿದನು.

ಅಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದವರು ಯಾಕೋಬ್ ಅವರ ತಮ್ಮ ಯೋಹಾನ್ ಬರ್ನೂಲಿ. ಬಾಲಕನು ತನಗೆ ಪ್ರತ್ಯೇಕ ಪಾಠ ಹೇಳಬೇಕೆಂದು ಬೇಡಿಕೊಂಡಾಗ ಬಿಡುವಿಲ್ಲದ ಗುರುಗಳು ಒಪ್ಪಲಿಲ್ಲ. ಅದರ ಬದಲು ಓದಬೇಕಾದ ಕಠಿಣ ಗ್ರಂಥಗಳನ್ನು ಸೂಚಿಸಿ, ಅರ್ಥವಾಗದ ಭಾಗಗಳನ್ನು ಪ್ರತಿ ಶನಿವಾರ ಮಧ್ಯಾಹ್ನ ಬಂದು ಕೇಳಬಹುದೆಂದರು. ಶಿಷ್ಯನಾದರೋ ಗುರುಗಳಿಗೆ ಆದಷ್ಟು ಕಡಿಮೆ ತೊಂದರೆ ಕೊಡಬೇಕೆಂದು ವಾರವೆಲ್ಲ ತಾನೇ ಹೆಣಗಾಡಿ, ತೀರ ಬಗೆಹರಿಯದ ಒಂದೆರಡು ಸಂದೇಹಗಳನ್ನಷ್ಟೇ ಹೊತ್ತು ಹೋಗುತ್ತಿದ್ದನು. ಕಲಿಸುವ ವಿಧಾನ ಇದಕ್ಕಿಂತ ಉತ್ತಮವಾದದ್ದು ಇರಲಾರದೆಂದು ಆಯ್ಲರ್ ಮುಂದೆ ನೆನಪಿಸಿಕೊಂಡಿದ್ದಾರೆ. ಕಡೆಗೆ ಯೋಹಾನ್ ಬರ್ನೂಲಿಯವರೇ ತಂದೆಯನ್ನು ಕಂಡು, ಈ ಹುಡುಗ ಗಣಿತಕ್ಕೆಂದೇ ಹುಟ್ಟಿದವನೆಂದು ಮನವೊಲಿಸಿದರು. ತನ್ನ ಬಹುಕಾಲದ ಆಸೆಯನ್ನು ಮಗನ ಪ್ರತಿಭೆಗಾಗಿ ಬಿಟ್ಟುಕೊಟ್ಟ ಆ ತಂದೆಯ ದೊಡ್ಡಗುಣವನ್ನೂ ನಾವು ಇಲ್ಲಿ ಸ್ಮರಿಸಬೇಕು.

ಇಪ್ಪತ್ತು ತುಂಬುವ ಹೊತ್ತಿಗೆ ಆಯ್ಲರ್ ಅವರು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಸ್ಪರ್ಧೆಗೆ ಹಡಗಿನ ಕೂವೆಮರಗಳನ್ನು ಎಲ್ಲಿ ನಿಲ್ಲಿಸಬೇಕೆಂಬ ವಿಷಯವಾಗಿ ಪ್ರಬಂಧವೊಂದನ್ನು ಕಳುಹಿಸಿ ಪ್ರಶಂಸೆಯನ್ನು ಗಳಿಸಿದರು. ಸಮುದ್ರವಿಲ್ಲದ ನಾಡಿನ ಯುವಕನ ಈ ಸಾಹಸ ಆಶ್ಚರ್ಯಕರವೇ ಸರಿ. ಆದರೆ ಸ್ವಂತ ಊರಾದ ಬಾಸೆಲ್ಲಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದಾಗ ಅದು ದೊರೆಯಲಿಲ್ಲ. ಉದ್ಯೋಗವನ್ನರಸಿ ಊರು ಬಿಡುವುದು ಅನಿವಾರ್ಯವಾಯಿತು. 1727ರ ವಸಂತದಲ್ಲಿ ಬಾಸೆಲ್ ಬಿಟ್ಟು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಅಕಾಡೆಮಿಗೆ ಹೊರಟ ಅವರು ಮತ್ತೆಂದೂ ಹುಟ್ಟೂರಿನಲ್ಲಿ ನೆಲೆಸಲಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಪರಊರುಗಳನ್ನೇ ತಮ್ಮದಾಗಿಸಿಕೊಂಡ ನಮ್ಮ ಓದುಗರಿಗೆ ಈ ಮಾತಿನ ಭಾರವನ್ನು ವಿವರಿಸಬೇಕಾಗಿಲ್ಲ.

ಅಕಾಡೆಮಿಯಲ್ಲಿ ಅವರ ಗುರುಪುತ್ರರಾದ ಡೇನಿಯಲ್ ಬರ್ನೂಲಿ ಮೊದಲೇ ನೆಲೆಸಿದ್ದರು. 1733ರಲ್ಲಿ ಡೇನಿಯಲ್ ಸ್ವದೇಶಕ್ಕೆ ಮರಳಿದಾಗ ಗಣಿತದ ಪೀಠ ಆಯ್ಲರ್ ಅವರಿಗೆ ಬಂದಿತು. ಮರುವರ್ಷ, ಅಲ್ಲಿಯೇ ನೆಲೆಸಿದ್ದ ಸ್ವಿಸ್ ಚಿತ್ರಕಾರ ಗ್ಸೆಲ್ ಅವರ ಮಗಳು ಕ್ಯಾಥರೀನಾಳನ್ನು ವಿವಾಹವಾದರು. ಆ ದಂಪತಿಗಳಿಗೆ ಹದಿಮೂರು ಮಕ್ಕಳು ಹುಟ್ಟಿದರೂ ಬಾಲ್ಯವನ್ನು ದಾಟಿದವರು ಐವರು ಮಾತ್ರ. ಮಗುವನ್ನು ತೋಳಿನಲ್ಲಿ ಹಿಡಿದುಕೊಂಡೇ, ಉಳಿದ ಮಕ್ಕಳು ಕಾಲ ಸುತ್ತ ಆಡುತ್ತಿರುವಾಗಲೇ ಆಯ್ಲರ್ ಪ್ರಬಂಧಗಳನ್ನು ಬರೆಯುತ್ತಿದ್ದರೆಂದು ಅವರನ್ನು ಬಲ್ಲವರು ದಾಖಲಿಸಿದ್ದಾರೆ. 1735ರಲ್ಲಿ ಬಂದ ತೀವ್ರ ಜ್ವರ ಅವರನ್ನು ಸಾವಿನ ಅಂಚಿಗೆ ಒಯ್ದಿತು. 1738ರ ಹೊತ್ತಿಗೆ ಬಲಗಣ್ಣಿನ ದೃಷ್ಟಿ ಬಹುತೇಕ ಹೋಯಿತು. ಭೂಪಟ ತಯಾರಿಕೆಯ ಸೂಕ್ಷ್ಮ ಕೆಲಸವೇ ಇದಕ್ಕೆ ಕಾರಣವೆಂದು ಅವರು ಭಾವಿಸಿದ್ದರು.

ಅವಿಭಾಜ್ಯ ಸಂಖ್ಯೆಗಳ ಗೀಳು ಅವರಿಗೆ ಹತ್ತಿದ್ದು ಈ ನಗರದಲ್ಲಿಯೇ. 1729ರ ಡಿಸೆಂಬರಿನಲ್ಲಿ ಅಕಾಡೆಮಿಯ ಸಹೋದ್ಯೋಗಿ ಕ್ರಿಶ್ಚಿಯನ್ ಗೋಲ್ಡ್‌ಬಾಖ್ ಅವರು ಪತ್ರವೊಂದರಲ್ಲಿ ಪ್ರಶ್ನೆಯೊಂದನ್ನು ಕೇಳಿದರು. ಅದಕ್ಕೂ ಸುಮಾರು ನೂರು ವರ್ಷ ಹಿಂದಿನ ಫ್ರೆಂಚ್ ಗಣಿತಜ್ಞ ಫರ್ಮಾ ಅವರು 3, 5, 17, 257, 65537 ಎಂದು ಸಾಗುವ ಒಂದು ಸಂಖ್ಯಾಶ್ರೇಣಿಯನ್ನು ಗುರುತಿಸಿ, ಅದರಲ್ಲಿ ಬರುವುದೆಲ್ಲವೂ ಅವಿಭಾಜ್ಯವೆಂದು ನಂಬಿದ್ದರು. ಅದು ನಿಜವೇ ಎಂಬುದು ಪ್ರಶ್ನೆ. ಶ್ರೇಣಿಯ ಮುಂದಿನ ಸಂಖ್ಯೆ 2ರ 32ನೆಯ ಘಾತಕ್ಕೆ 1 ಕೂಡಿಸಿದರೆ ಬರುವ 4294967297. ಮೊದಮೊದಲು ಅಷ್ಟಾಗಿ ಆಸಕ್ತಿ ತೋರದ ಆಯ್ಲರ್, 1732ರಲ್ಲಿ ಇದು 641 ಮತ್ತು 6700417ರ ಗುಣಲಬ್ಧವೆಂದು ತೋರಿಸಿ ಫರ್ಮಾ ಅವರ ನಂಬಿಕೆಯನ್ನು ಅಲ್ಲಗಳೆದರು. ಸಿಕ್ಕಸಿಕ್ಕ ಸಂಖ್ಯೆಯಿಂದೆಲ್ಲ ಭಾಗಿಸಿ ಕಂಡುಹಿಡಿದದ್ದಲ್ಲ ಇದು. ಇಂತಹ ಸಂಖ್ಯೆಗೆ ಭಾಜಕವಿದ್ದರೆ ಅದು 64ರ ಮಗ್ಗಿಗೆ ಒಂದು ಕೂಡಿಸಿದ ರೂಪದಲ್ಲಿಯೇ ಇರಬೇಕೆಂಬ ನಿಯಮವನ್ನು ಅವರು ಮುಂದೆ ಸಾಧಿಸಿಯೂ ತೋರಿಸಿದರು. 641 ಎಂದರೆ 64ರ ಹತ್ತರಷ್ಟಕ್ಕೆ ಒಂದು ಹೆಚ್ಚು. ಕುರುಡು ಹುಡುಕಾಟವನ್ನು ನಿಯಮಬದ್ಧ ಹುಡುಕಾಟವಾಗಿ ಪರಿವರ್ತಿಸುವ ಈ ವಿಧಾನವೇ ನಲವತ್ತು ವರ್ಷಗಳ ನಂತರ ಅವರ ಕೈಹಿಡಿಯಿತು.

ಇದೇ ಕಾಲದ ಇನ್ನೊಂದು ಸಂಗತಿ ಭಾರತೀಯರಾದ ನಮಗೆ ಆಪ್ತವಾದದ್ದು. ಪೀಟರ್ಸ್‌ಬರ್ಗಿನ ವಿದ್ವಾಂಸ ಬಾಯರ್ ಅವರು 1738ರಲ್ಲಿ ಪ್ರಕಟಿಸಿದ ಇತಿಹಾಸ ಗ್ರಂಥವೊಂದಕ್ಕೆ ಆಯ್ಲರ್ ಅವರು ಭಾರತೀಯರ ಸೌರವರ್ಷದ ಗಣನೆಯನ್ನು ಕುರಿತು ಒಂದು ಟಿಪ್ಪಣಿಯನ್ನು ಬರೆದುಕೊಟ್ಟಿದ್ದಾರೆ. ತಮಿಳುನಾಡಿನ ಕರಾವಳಿಯ ತರಂಗಂಬಾಡಿಯಲ್ಲಿದ್ದ ಡೇನಿಷ್ ಮಿಷನರಿಗಳ ಮೂಲಕ ನಮ್ಮ ಪಂಚಾಂಗದ ಲೆಕ್ಕಗಳು ಅಷ್ಟು ದೂರದ ಹಿಮನಾಡನ್ನು ತಲುಪಿದ್ದವು.

1741ರಲ್ಲಿ ಪ್ರಷ್ಯಾದ ದೊರೆ ಎರಡನೆಯ ಫ್ರೆಡರಿಕನ ಆಹ್ವಾನದ ಮೇರೆಗೆ ಆಯ್ಲರ್ ಬರ್ಲಿನ್ನಿಗೆ ತೆರಳಿದರು. ಅಲ್ಲಿ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಅವರು ಬರೆದದ್ದು ಅಪಾರ. ಆದರೂ ದೊರೆಗೆ ಅವರ ಬಗ್ಗೆ ಅಷ್ಟಕ್ಕಷ್ಟೆ. ಚತುರ ಮಾತುಗಾರರನ್ನೂ ಕವಿಗಳನ್ನೂ ಮೆಚ್ಚುತ್ತಿದ್ದ ಆತನಿಗೆ ಸರಳ ನಡೆನುಡಿಯ, ದೈವಭಕ್ತ ಗೃಹಸ್ಥರಾದ ಆಯ್ಲರ್ ರುಚಿಸಲಿಲ್ಲ. ಅವರ ಕುರುಡುಗಣ್ಣನ್ನು ಗ್ರೀಕರ ಪುರಾಣದ ಒಕ್ಕಣ್ಣಿನ ರಾಕ್ಷಸನಿಗೆ ಹೋಲಿಸಿ ಹಾಸ್ಯ ಮಾಡಿದ್ದೂ ಉಂಟು.

ಈ ಅವಧಿಯಲ್ಲಿ ಅವರನ್ನು ಕಾಡಿದ ವಿಷಯಗಳಲ್ಲಿ ಪರಿಪೂರ್ಣ ಸಂಖ್ಯೆಗಳೂ ಸೇರಿದ್ದವು. 6ನ್ನು ಶೇಷವಿಲ್ಲದೆ ಭಾಗಿಸುವ ಚಿಕ್ಕ ಸಂಖ್ಯೆಗಳು 1, 2, 3. ಅವುಗಳ ಮೊತ್ತವೂ 6. ಹಾಗೆಯೇ 28ರ ಭಾಜಕಗಳಾದ 1, 2, 4, 7, 14 ಸೇರಿದರೆ 28. ಇಂತಹವು ತೀರ ವಿರಳ. 2ರ ಯಾವುದಾದರೂ ಘಾತದಿಂದ ಒಂದನ್ನು ಕಳೆದಾಗ ಅವಿಭಾಜ್ಯ ಸಂಖ್ಯೆ ಬಂದರೆ ಅದರಿಂದ ಒಂದು ಪರಿಪೂರ್ಣ ಸಂಖ್ಯೆಯನ್ನು ಪಡೆಯಬಹುದೆಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳ ಹಿಂದೆಯೇ ತೋರಿಸಿದ್ದನು. ಸಮಸಂಖ್ಯೆಗಳಲ್ಲಿ ಪರಿಪೂರ್ಣವಾದವೆಲ್ಲವೂ ಇದೇ ಬಗೆಯವು, ಬೇರೆ ಮಾರ್ಗವೇ ಇಲ್ಲವೆಂದು ಸಾಧಿಸಿದವರು ಆಯ್ಲರ್. ಹೀಗಾಗಿ, 2ರ ಯಾವ ಘಾತದಿಂದ ಒಂದನ್ನು ಕಳೆದರೆ ಅವಿಭಾಜ್ಯ ದೊರೆಯುತ್ತದೆ ಎಂಬ ಪ್ರಶ್ನೆ ಮಹತ್ವ ಪಡೆಯಿತು. ಫ್ರಾನ್ಸಿನ ಸನ್ಯಾಸಿ ಮೆರ್ಸೆನ್ 1644ರಲ್ಲಿ ಅಂತಹ ಘಾತಗಳ ಪಟ್ಟಿಯೊಂದನ್ನು ಕೊಟ್ಟಿದ್ದರು. ಅದರಲ್ಲಿ 19ರವರೆಗಿನವು ಸರಿಯೆಂದು ಗೊತ್ತಿತ್ತು. ಮುಂದಿನದು 31. ಅದಕ್ಕೆ ಪುರಾವೆ ಇರಲಿಲ್ಲ. 2ರ 31ನೆಯ ಘಾತದಿಂದ ಒಂದನ್ನು ಕಳೆದರೆ ಬರುವುದೇ ನಮ್ಮ ಆರಂಭದ ಸಂಖ್ಯೆ. 1752ರಲ್ಲಿ ಗೋಲ್ಡ್‌ಬಾಖ್ ಅವರಿಗೆ ಬರೆದ ಪತ್ರದಲ್ಲಿ ಆಯ್ಲರ್ ಇದು ಅವಿಭಾಜ್ಯವೋ ಅಲ್ಲವೋ ತಮಗಿನ್ನೂ ನಿಶ್ಚಯವಿಲ್ಲವೆಂದೇ ಹೇಳಿದ್ದರು. ಆ ನಿಶ್ಚಯ ಬರಲು ಇನ್ನೂ ಇಪ್ಪತ್ತು ವರ್ಷಗಳು ಬೇಕಾದವು.

ಆ ಇಪ್ಪತ್ತು ವರ್ಷಗಳು ಸುಖದ ವರ್ಷಗಳಲ್ಲ. ದೊರೆಯೊಡನೆ ಮನಸ್ತಾಪ ಬೆಳೆದು 1766ರಲ್ಲಿ, ಮಹಾರಾಣಿ ಎರಡನೆಯ ಕ್ಯಾಥರೀನಳ ಆಳ್ವಿಕೆಯಲ್ಲಿ, ಅವರು ಸಂಸಾರಸಮೇತ ಪೀಟರ್ಸ್‌ಬರ್ಗಿಗೆ ಹಿಂದಿರುಗಿದರು. ಅದೇ ವರ್ಷ ಉಳಿದೊಂದು ಎಡಗಣ್ಣಿಗೂ ಪೊರೆ ಬೆಳೆದು ಕಾಣಿಸದಂತಾಯಿತು. 1771ರಲ್ಲಿ ನಗರದಲ್ಲಿ ಹಬ್ಬಿದ ಬೆಂಕಿ ಅವರ ಮನೆಯನ್ನು ಸುಟ್ಟಿತು. ಒಳಗೆ ಸಿಕ್ಕಿಬಿದ್ದಿದ್ದ ವೃದ್ಧರನ್ನು ಅವರ ಹುಟ್ಟೂರಿನವನೇ ಆದ ಪೀಟರ್ ಗ್ರಿಮ್ ಎಂಬಾತನು ಹೆಗಲ ಮೇಲೆ ಹೊತ್ತು ಹೊರತಂದು ಬದುಕಿಸಿದನು. ಅದೇ ವರ್ಷ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯೂ ನಡೆಯಿತು. ಕೆಲವು ದಿನ ಲೋಕ ಮತ್ತೆ ಕಂಡಿತು. ಅಷ್ಟರಲ್ಲಿ ಸೋಂಕು ತಗಲಿ, ಬಂದ ಬೆಳಕು ಶಾಶ್ವತವಾಗಿ ಹೋಯಿತು. 1773ರಲ್ಲಿ ಸುಮಾರು ನಲವತ್ತು ವರ್ಷ ಜೊತೆಗಿದ್ದ ಮಡದಿಯೂ ತೀರಿಕೊಂಡರು.

ಸಾಮಾನ್ಯರಾದ ನಾವಾಗಿದ್ದರೆ ಇಷ್ಟರಲ್ಲಿ ಕೈಚೆಲ್ಲಿ ಕುಳಿತಿರುತ್ತಿದ್ದೆವು. ಆಯ್ಲರ್ ಅವರ ಬರವಣಿಗೆಯಾದರೋ ಕಣ್ಣು ಹೋದ ಮೇಲೆ ಹೆಚ್ಚಿತು. ಅವರ ಒಟ್ಟು ಕೃತಿಗಳಲ್ಲಿ ದೊಡ್ಡದೊಂದು ಪಾಲು ಈ ಕತ್ತಲೆಯ ಹದಿನೇಳು ವರ್ಷಗಳಲ್ಲಿ ಹುಟ್ಟಿದೆ. 1775ರಲ್ಲಂತೂ ಸರಾಸರಿ ವಾರಕ್ಕೊಂದು ಪ್ರಬಂಧ ಸಿದ್ಧವಾಗುತ್ತಿತ್ತು. ದೊಡ್ಡ ಕರಿಹಲಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಸೂತ್ರಗಳನ್ನು ಗೀಚಿ ಅವರು ಬಾಯಲ್ಲಿ ವಿವರಿಸುವರು. ಹಿರಿಯ ಮಗ ಯೋಹಾನ್ ಆಲ್ಬ್ರೆಕ್ಟ್, ಕ್ರಾಫ್ಟ್, ಲೆಕ್ಸೆಲ್, ಮುಂದೆ ಬಾಸೆಲ್ಲಿನಿಂದಲೇ ಬಂದ ನಿಕೊಲಾಸ್ ಫುಸ್ ಮೊದಲಾದವರು ಅದನ್ನು ಬರೆದು ಕ್ರಮಪಡಿಸುವರು. ಬೀಜಗಣಿತದ ಅವರ ಪ್ರಸಿದ್ಧ ಪಠ್ಯವನ್ನು ಬರೆದುಕೊಂಡವನು ದರ್ಜಿಯ ಕೆಲಸ ಕಲಿತಿದ್ದ ಒಬ್ಬ ಸೇವಕ. ಉಕ್ತಲೇಖನ ಮುಗಿಯುವಷ್ಟರಲ್ಲಿ ಆತನೇ ಬೀಜಗಣಿತ ಕಲಿತಿದ್ದನಂತೆ.

ಇದಕ್ಕೆಲ್ಲ ಬೆನ್ನೆಲುಬಾಗಿದ್ದುದು ಅವರ ಸ್ಮರಣಶಕ್ತಿ. ರೋಮನ್ ಕವಿ ವರ್ಜಿಲನ ಮಹಾಕಾವ್ಯ ಅವರಿಗೆ ಆದ್ಯಂತ ಕಂಠಪಾಠವಾಗಿತ್ತು. ಬಾಲ್ಯದಲ್ಲಿ ಓದಿದ ಪ್ರತಿಯ ಯಾವ ಪುಟ ಯಾವ ಸಾಲಿನಿಂದ ಆರಂಭವಾಗಿ ಯಾವುದರಲ್ಲಿ ಮುಗಿಯುತ್ತದೆಂದೂ ಹೇಳಬಲ್ಲವರಾಗಿದ್ದರು. ಒಮ್ಮೆ ಇಬ್ಬರು ಶಿಷ್ಯರು ದೀರ್ಘವಾದ ಮೊತ್ತವೊಂದನ್ನು ಮಾಡಿ ಐವತ್ತನೆಯ ಅಂಕಿಯಲ್ಲಿ ಭಿನ್ನ ಉತ್ತರ ಪಡೆದಾಗ, ಆಯ್ಲರ್ ಇಡೀ ಲೆಕ್ಕವನ್ನು ಮನಸ್ಸಿನಲ್ಲಿಯೇ ಮಾಡಿ ಯಾರದು ಸರಿಯೆಂದು ನಿರ್ಣಯಿಸಿದರು. ನಮ್ಮಲ್ಲಿ ಅಷ್ಟಾವಧಾನ, ಶತಾವಧಾನಗಳನ್ನು ಕಂಡವರಿಗೆ ಇದು ನಂಬಲಾಗದ ಮಾತೆನಿಸದು.

1772ರಲ್ಲಿ ಬರ್ಲಿನ್ನಿನ ಖಗೋಳಜ್ಞ ಮೂರನೆಯ ಯೋಹಾನ್ ಬರ್ನೂಲಿಯವರಿಗೆ ಅವರು ಬರೆದ ಪತ್ರದಲ್ಲಿ ಆ ಹಳೆಯ ಪ್ರಶ್ನೆಗೆ ಉತ್ತರ ಬಂದಿತು. ತಮ್ಮ ಗುರುಗಳ ಮೊಮ್ಮಗನಿಗೆ ಆ ಉತ್ತರವನ್ನು ತಿಳಿಸಿದುದು ಒಂದು ಸುಂದರ ಯೋಗ. ಲೆಕ್ಕ ಹೀಗಿದೆ. ಯಾವುದೇ ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಅವೆರಡರಲ್ಲಿ ಚಿಕ್ಕದು ಅದರ ವರ್ಗಮೂಲವನ್ನು ಮೀರಲಾರದು. 2147483647ರ ವರ್ಗಮೂಲ 46340ಕ್ಕೆ ಸ್ವಲ್ಪ ಹೆಚ್ಚು. ಅಷ್ಟರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಆದರೆ ಅವೇ ನಾಲ್ಕು ಸಾವಿರದ ಏಳುನೂರಕ್ಕೂ ಹೆಚ್ಚು. ಇಲ್ಲಿ ಆಯ್ಲರ್ ತಮ್ಮ ವಿಧಾನವನ್ನು ಪ್ರಯೋಗಿಸಿದರು. ಈ ಸಂಖ್ಯೆಗೆ ಭಾಜಕವೊಂದಿದ್ದರೆ ಅದು 248ರ ಮಗ್ಗಿಯಲ್ಲಿ ಬರುವ ಸಂಖ್ಯೆಗೆ 1ನ್ನೋ 63ನ್ನೋ ಕೂಡಿಸಿದ ರೂಪದಲ್ಲಿ ಮಾತ್ರ ಇರಲು ಸಾಧ್ಯ. ಅಂತಹ ಅವಿಭಾಜ್ಯಗಳಲ್ಲಿ ಮೊದಲನೆಯದು 311, ಅದರ ನಂತರದ್ದು ಒಮ್ಮೆಲೇ 1303. ನಡುವಿನ ಅವಿಭಾಜ್ಯಗಳೆಲ್ಲವೂ ಒಂದೇ ಏಟಿಗೆ ಬಿದ್ದುಹೋದವು. ಸಾವಿರಾರು ಭಾಗಾಕಾರಗಳ ಕೆಲಸ ಸುಮಾರು ಎಂಬತ್ತಕ್ಕೆ ಇಳಿಯಿತು. 311ರಿಂದ ಭಾಗಿಸಿದರೆ 35 ಉಳಿಯುತ್ತದೆ. ಆಸಕ್ತರು ಮನೆಯಲ್ಲಿ ಮಕ್ಕಳ ಕೈಯಲ್ಲಿ ಮಾಡಿಸಿ ನೋಡಬಹುದು. ಹೀಗೆ ಕೊನೆಯವರೆಗೆ ಸಾಗಿದರೂ ಪ್ರತಿಯೊಂದರಲ್ಲಿಯೂ ಶೇಷವೇ ಉಳಿಯಿತು. ಸಂಖ್ಯೆ ಅವಿಭಾಜ್ಯವೆಂದು ಸಿದ್ಧವಾಯಿತು, ಅದರೊಡನೆ ಎಂಟನೆಯ ಪರಿಪೂರ್ಣ ಸಂಖ್ಯೆಯೂ ದೊರೆಯಿತು. ಮುಂದಿನ ಹಲವು ದಶಕಗಳ ಕಾಲ ಜಗತ್ತಿಗೆ ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಇದೇ ಆಗಿತ್ತು.

ಇದರಿಂದ ಆದ ಪ್ರಯೋಜನವಾದರೂ ಏನು ಎಂದು ಕೇಳುವುದು ಸಹಜ. ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೊ ಅವರು 1811ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಎಂದೂ ಕಂಡುಹಿಡಿಯಲಾರರು, ಏಕೆಂದರೆ ಕುತೂಹಲವನ್ನು ಬಿಟ್ಟರೆ ಉಪಯೋಗವೇ ಇಲ್ಲದ ವಿಷಯದ ಬೆನ್ನು ಹತ್ತುವವರು ವಿರಳ ಎಂಬರ್ಥದ ಅಭಿಪ್ರಾಯವನ್ನು ಕೊಟ್ಟರು. ಕಾಲವು ಆ ಮಾತನ್ನು ಎರಡೂ ಕಡೆಯಿಂದ ಸುಳ್ಳಾಗಿಸಿತು. ಬೆನ್ನು ಹತ್ತುವವರು ಹೆಚ್ಚುತ್ತಲೇ ಹೋದರು. 2024ರ ಅಕ್ಟೋಬರಿನಲ್ಲಿ ಪತ್ತೆಯಾದ ಇದೇ ಜಾತಿಯ ಅವಿಭಾಜ್ಯವೊಂದರಲ್ಲಿ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ. ಇನ್ನು ಉಪಯೋಗದ ಮಾತು. ಆಯ್ಲರ್ ಅವರು ಫರ್ಮಾ ಅವರ ನಿಯಮವೊಂದನ್ನು ವಿಸ್ತರಿಸಿ ಬರೆದ ಪ್ರಬಂಧ 1763ರಲ್ಲಿ ಪ್ರಕಟವಾಗಿತ್ತು. 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಎಂಬ ಮೂವರು ರೂಪಿಸಿದ ರಹಸ್ಯಲಿಪಿಯ ವಿಧಾನ ಆ ನಿಯಮದ ಆಧಾರದ ಮೇಲೆಯೇ ನಿಂತಿದೆ. ನೂರಾರು ಅಂಕಿಗಳ ಎರಡು ಅವಿಭಾಜ್ಯಗಳನ್ನು ಗುಣಿಸುವುದು ಗಣಕಯಂತ್ರಕ್ಕೆ ಕ್ಷಣದ ಕೆಲಸ; ಗುಣಲಬ್ಧವನ್ನಷ್ಟೇ ಕೊಟ್ಟು ಆ ಎರಡನ್ನು ಹುಡುಕಿಸುವುದು ಬಲು ಕಷ್ಟ. ಈ ವ್ಯತ್ಯಾಸವೇ ಅದರ ಬೀಗ. ಬ್ಯಾಂಕಿನ ಮೇಜಿನ ಹಿಂದೆ ದಪ್ಪ ಲೆಡ್ಜರುಗಳಿಂದ ಗಣಕಯಂತ್ರಕ್ಕೆ ಬಂದ ನನ್ನ ಪೀಳಿಗೆಯವರು, ಗ್ರಾಹಕರ ಹಣ ತಂತಿಯ ಮೇಲೆ ನಿರ್ಭಯವಾಗಿ ಓಡಾಡತೊಡಗಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಅದರ ಕಾವಲಿಗೆ ನಿಂತವುಗಳಲ್ಲಿ ಆ ನಿಯಮವೂ ಒಂದು.

2147483647 ಕೂಡ ನಮ್ಮ ನಡುವೆ ಸದ್ದಿಲ್ಲದೆ ಬಂದು ಕುಳಿತಿದೆ. 32 ಬಿಟ್ಟುಗಳ ಪದ್ಧತಿಯಲ್ಲಿ ಋಣ-ಧನ ಚಿಹ್ನೆಗೆ ಒಂದನ್ನು ಬಿಟ್ಟು ಉಳಿದ 31ರಲ್ಲಿ ಗಣಕಯಂತ್ರ ಬರೆಯಬಲ್ಲ ಅತಿ ದೊಡ್ಡ ಪೂರ್ಣಾಂಕ ಇದೇ. 1970ರ ಆರಂಭದಿಂದ ಸೆಕೆಂಡುಗಳನ್ನು ಹೀಗೆ ಎಣಿಸುವ ಹಳೆಯ ಯಂತ್ರಗಳ ಎಣಿಕೆ, 2038ರ ಜನವರಿ 19ರಂದು ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಈ ಸಂಖ್ಯೆಯನ್ನು ಮುಟ್ಟಿ ನಿಲ್ಲುತ್ತದೆ. ಆದ್ದರಿಂದಲೇ ಅಂತಹ ವ್ಯವಸ್ಥೆಗಳನ್ನು ಬದಲಿಸುವ ಕೆಲಸ ಜಗತ್ತಿನಾದ್ಯಂತ ನಡೆದಿದೆ.

1783ರ ಸೆಪ್ಟೆಂಬರ್ 18. ಆ ದಿನವೂ ಆಯ್ಲರ್ ಅವರ ಮನೆಯಲ್ಲಿ ಗಣಿತ ನಡೆದೇ ಇತ್ತು. ಫ್ರಾನ್ಸಿನಲ್ಲಿ ಆಗಷ್ಟೇ ಬಾನಿಗೇರಿದ್ದ ಬಿಸಿಗಾಳಿಯ ಬಲೂನುಗಳ ಚಲನೆಯ ಲೆಕ್ಕ ಅವರ ಹಲಗೆಯ ಮೇಲಿತ್ತು. ಅದಕ್ಕೂ ಎರಡು ವರ್ಷ ಹಿಂದೆ ಪತ್ತೆಯಾಗಿದ್ದ ಯುರೇನಸ್ ಗ್ರಹದ ಪಥದ ಬಗ್ಗೆ ಲೆಕ್ಸೆಲ್ ಅವರೊಡನೆ ಮಾತುಕತೆಯಾಯಿತು. ಸಂಜೆ ಮೊಮ್ಮಗನೊಡನೆ ಆಟವಾಡುತ್ತ ಚಹಾ ಕುಡಿಯುತ್ತಿದ್ದಾಗ ಮೆದುಳಿನ ರಕ್ತಸ್ರಾವವಾಗಿ ಕುಸಿದರು. ಕೆಲವೇ ಗಂಟೆಗಳಲ್ಲಿ ಎಪ್ಪತ್ತಾರು ವರ್ಷಗಳ ಆ ಜೀವನ ಮುಗಿಯಿತು. ಅವರು ಬಿಟ್ಟುಹೋದ ಹಸ್ತಪ್ರತಿಗಳನ್ನು ಅಚ್ಚು ಹಾಕಿ ಮುಗಿಸಲು ಅಕಾಡೆಮಿಗೆ ಮತ್ತೆ ಸುಮಾರು ಐವತ್ತು ವರ್ಷಗಳೇ ಹಿಡಿದವು. 1911ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆರಂಭವಾದ ಅವರ ಸಮಗ್ರ ಕೃತಿಶ್ರೇಣಿ ಎಂಬತ್ತು ಸಂಪುಟಗಳನ್ನು ದಾಟಿತು. ಇಪ್ಪತ್ತರ ಹರೆಯದಲ್ಲಿ ಅವರಿಗೆ ಕೆಲಸ ಕೊಡದಿದ್ದ ನಾಡು, ಒಂದು ಕಾಲಕ್ಕೆ ತನ್ನ ಹತ್ತು ಫ್ರಾಂಕಿನ ನೋಟಿನ ಮೇಲೆ ಅವರ ಭಾವಚಿತ್ರವನ್ನು ಮುದ್ರಿಸಿ ಗೌರವಿಸಿತು.

ನಮ್ಮ ಮನೆಗಳಲ್ಲಿ ಮಕ್ಕಳು ಯಾವ ವಿಷಯ ಓದಬೇಕೆಂಬ ಚರ್ಚೆ ಬಂದಾಗಲೆಲ್ಲ ಅದರಿಂದ ಮುಂದೇನು ಸಿಗುತ್ತದೆಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಆ ಪ್ರಶ್ನೆ ತಪ್ಪಲ್ಲ. ಸಂಸಾರ ಸಾಗಿಸುವವರು ಅದನ್ನು ಕೇಳಲೇಬೇಕು. ಆದರೆ ಮಗುವೊಂದು ಲೆಕ್ಕದಲ್ಲೋ ರಾಗದಲ್ಲೋ ಭಾಷೆಯಲ್ಲೋ ತನ್ನನ್ನು ಮರೆತು ಮುಳುಗಿರುವುದನ್ನು ಕಂಡಾಗ, ರೀಹೆನ್ನಿನ ಆ ಪಾದ್ರಿಗಳಂತೆ ಅರೆಗಳಿಗೆ ತಡೆದು ನೋಡುವುದು ಒಳ್ಳೆಯದು. ಕಣ್ಣಿಲ್ಲದ ವೃದ್ಧರೊಬ್ಬರು ಯಾವ ಫಲವನ್ನೂ ಬಯಸದೆ, ಒಂದು ಸಂಖ್ಯೆಯ ಬಗ್ಗೆ ನಿಜ ತಿಳಿಯಬೇಕೆಂಬ ಒಂದೇ ಹಂಬಲದಿಂದ ಮಾಡಿದ ಆ ಎಂಬತ್ತು ಭಾಗಾಕಾರಗಳು ಇನ್ನೂರೈವತ್ತು ವರ್ಷಗಳ ನಂತರವೂ ಹಾಗೆಯೇ ನಿಂತಿವೆ. ಅವುಗಳಲ್ಲಿ ಒಂದನ್ನೂ ತಿದ್ದಬೇಕಾಗಿ ಬಂದಿಲ್ಲ.